ರಿಮ್ಮರ್ ಓಡಿದ ದಿಕ್ಕು

ಮ್ಯಾಂಚೆಸ್ಟರಿನ ಆ ಮನೆಗೆ ನಾನು ಪೆಟ್ಟಿಗೆ ಹೊತ್ತುಕೊಂಡು ಹೋದ ಸಂಜೆ ಅಡುಗೆಮನೆಯಲ್ಲಿ ಜೋರು ವಾದ ನಡೆದಿತ್ತು. ನಾಲ್ವರೂ ಸತ್ತೇಹೋಗಿದ್ದಾರೆ ಎಂದು ಒಬ್ಬ, ಸಾಯುವುದಕ್ಕೆ ಸಾಧ್ಯವೇ ಇಲ್ಲ ಎಂದು ಇನ್ನೊಬ್ಬ. ಸತ್ತರೋ ಉಳಿದರೋ ಆಮೇಲೆ ನೋಡೋಣ, ಅವರನ್ನು ಹೀಗೆ ನಡುನೀರಿನಲ್ಲಿ ಬಿಟ್ಟು ವರ್ಷವಾಗುತ್ತ ಬಂತಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಒಬ್ಬಳು ಹುಡುಗಿ ಮೇಜು ಕುಟ್ಟುತ್ತಿದ್ದಳು. ಯಾವುದೋ ಅಪಘಾತದ ಸುದ್ದಿ ಇರಬೇಕೆಂದು ನಾನು ಬಾಗಿಲಲ್ಲೇ ನಿಂತೆ. 1994ರ ಸೆಪ್ಟೆಂಬರ್ ಅದು. ಅವರು ಬಡಿದಾಡುತ್ತಿದ್ದದ್ದು ‘ರೆಡ್ ಡ್ವಾರ್ಫ್’ ಎಂಬ ಟಿವಿ ಸರಣಿಯ ನಾಲ್ಕು ಪಾತ್ರಗಳ ಬಗ್ಗೆ ಎಂದು ನನಗೆ ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಮನೆ ಇದ್ದದ್ದು ರಶೋಮ್‌ನಲ್ಲಿ, ವಿಲ್ಮ್‌ಸ್ಲೋ ರೋಡಿನಿಂದ ಒಳಕ್ಕೆ ಸರಿದ ಒಂದು ಓಣಿಯಲ್ಲಿ. ಆ ರಸ್ತೆಯ ಎರಡೂ ಬದಿಗೆ ಪಾಕಿಸ್ತಾನ, ಬಾಂಗ್ಲಾದೇಶ, ಭಾರತದ ಕಡೆಯವರ ಹೋಟೆಲುಗಳು; ಊರವರು ಅದನ್ನು ಕರಿ ಮೈಲ್ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಬಸ್ಸು ಉತ್ತರಕ್ಕೆ ಹೋದರೆ ರಸ್ತೆಯ ಹೆಸರು ಆಕ್ಸ್‌ಫರ್ಡ್ ರೋಡ್ ಎಂದಾಗುತ್ತದೆ. ಮೊದಲು ದೊಡ್ಡಾಸ್ಪತ್ರೆ, ಆಮೇಲೆ ನಾನು ಪಿಎಚ್.ಡಿ.ಗೆ ಸೇರಿದ್ದ ವಿಶ್ವವಿದ್ಯಾಲಯ, ಇನ್ನೂ ಮುಂದೆ ಆಗಿನ ಬಿಬಿಸಿಯ ಕಟ್ಟಡ. ರೆಡ್ ಡ್ವಾರ್ಫ್‌ನ ಮೊದಲ ಮೂರು ಸರಣಿಗಳು ಚಿತ್ರೀಕರಣಗೊಂಡದ್ದು ಆ ಕಟ್ಟಡದಲ್ಲೇ. ಮೂವತ್ತು ಲಕ್ಷ ವರ್ಷ ಆಚೆಯ ಅಂತರಿಕ್ಷ ಇರುವುದು ಇಲ್ಲಿ ಎಂದು ಲಿವರ್‌ಪೂಲಿನ ಹುಡುಗಿ ಬಸ್ಸಿನ ಕಿಟಕಿಯಿಂದ ಬೆರಳು ತೋರಿಸಿದ್ದಳು. ಅವಳು ನರ್ಸಿಂಗ್ ಓದುತ್ತಿದ್ದಳು. ಉಳಿದಿಬ್ಬರಲ್ಲಿ ವೇಲ್ಸಿನವನು ಭೌತಶಾಸ್ತ್ರದ ಸಂಶೋಧಕ, ಸ್ಟಾಕ್‌ಪೋರ್ಟಿನವನು ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ವಿಸಿಆರ್ ಅವನದು. ಟೇಪುಗಳು ಮೂವರದೂ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ರೆಡ್ ಡ್ವಾರ್ಫ್ ಒಂದು ಗಣಿಗಾರಿಕೆಯ ಅಂತರಿಕ್ಷ ಹಡಗು. ಅದರ ತೀರ ಕೆಳದರ್ಜೆಯ ನೌಕರ ಡೇವ್ ಲಿಸ್ಟರ್, ನಿಯಮ ಮೀರಿ ಒಂದು ಬೆಕ್ಕನ್ನು ಹಡಗಿಗೆ ತಂದ ತಪ್ಪಿಗೆ ಕಾಲವೇ ನಿಂತುಹೋಗುವ ಕೋಣೆಯೊಳಗೆ ಶಿಕ್ಷೆ ಅನುಭವಿಸುತ್ತಿರುತ್ತಾನೆ. ಅಷ್ಟರಲ್ಲಿ ವಿಕಿರಣ ಸೋರಿ ಉಳಿದವರೆಲ್ಲ ಸಾಯುತ್ತಾರೆ. ಹಡಗಿನ ಕಂಪ್ಯೂಟರ್ ಅವನನ್ನು ಹೊರಗೆ ಬಿಡುವುದು ಮೂವತ್ತು ಲಕ್ಷ ವರ್ಷ ಕಳೆದ ಮೇಲೆ. ಮನುಷ್ಯಕುಲದಲ್ಲಿ ಉಳಿದವನು ಅವನೊಬ್ಬನೇ. ಜೊತೆಗೆ ಆ ಬೆಕ್ಕಿನ ಸಂತತಿಯಿಂದ ವಿಕಾಸಗೊಂಡ, ಕನ್ನಡಿ ಬಿಟ್ಟು ಕದಲದ ಒಬ್ಬ ಶೋಕೀವಾಲ. ಮುಂದೆ ಬಂದು ಸೇರುವ ಕ್ರೈಟನ್ ಎಂಬ ಯಂತ್ರಮಾನವ. ಮತ್ತು ಸತ್ತ ಸಹವಾಸಿ ಅರ್ನಾಲ್ಡ್ ರಿಮ್ಮರನ ಹೊಲೋಗ್ರಾಂ, ಬೆಳಕಿನ ಪ್ರತಿರೂಪ, ಹಣೆಯ ಮೇಲೆ ಲೋಹದ ‘ಎಚ್’ ಅಕ್ಷರ. ರಿಮ್ಮರ್ ಬದುಕಿದ್ದಾಗ ಅವನೂ ಲಿಸ್ಟರನೂ ಮಾಡುತ್ತಿದ್ದ ಕೆಲಸ ಸೂಪ್ ಕೊಡುವ ಯಂತ್ರಗಳ ರಿಪೇರಿ. ನಾನು ಊರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ನೋಡಿ ಬೆಳೆದವನು. ಅಲ್ಲಿ ಕ್ಯಾಪ್ಟನ್ನರೂ ಅಧಿಕಾರಿಗಳೂ ನಕ್ಷತ್ರಗಳ ನಡುವೆ ಓಡಾಡುತ್ತಿದ್ದರು. ಇಲ್ಲಿ ಸೂಪ್ ಯಂತ್ರದ ನಳಿಕೆ ತೆಗೆಯುವ ಇಬ್ಬರು, ಅವರಲ್ಲಿ ಒಬ್ಬ ಪರೀಕ್ಷೆಯಿಂದ ಪರೀಕ್ಷೆಗೆ ಫೇಲಾದವನು. ಈ ಒಂದು ಸಂಗತಿಯೇ ನನ್ನನ್ನು ಹಿಡಿದು ಕೂರಿಸಿತು.

ಆ ಚಳಿಗಾಲದಲ್ಲಿ ಮೊದಲಿನಿಂದ ಮೂವತ್ತಾರು ಕಂತುಗಳನ್ನೂ ನನಗೆ ತೋರಿಸಿದರು. ಒಂದೊಂದು ಸರಣಿಗೆ ಆರು ಕಂತು, ಮೂರು ಕಂತಿಗೊಂದು ಟೇಪು. ಮನೆಯ ಕರೆಂಟಿಗೆ ಐವತ್ತು ಪೆನ್ಸಿನ ನಾಣ್ಯ ನುಂಗುವ ಮೀಟರ್ ಇತ್ತು. ಕಥೆ ಬಿಗಿಯಾಗುತ್ತಿದ್ದಾಗಲೇ ಟಿವಿ ಕಣ್ಣು ಮುಚ್ಚುತ್ತಿತ್ತು. ಕತ್ತಲಲ್ಲಿ ನಾಲ್ವರೂ ಕೋಟಿನ ಜೇಬು, ಸೋಫಾದ ಸಂದಿ, ಚಹಾದ ಡಬ್ಬಿ ತಡಕುತ್ತಿದ್ದೆವು. ನಾಣ್ಯ ಸಿಗುವವರೆಗೆ ವಾದ. ಒಮ್ಮೆ ಇಡೀ ಮನೆಯಲ್ಲಿ ಒಂದು ನಾಣ್ಯವೂ ಸಿಗದೆ, ಮೇಣದಬತ್ತಿ ಹಚ್ಚಿಕೊಂಡು ಸ್ಟಾಕ್‌ಪೋರ್ಟಿನವನು ಉಳಿದ ಅರ್ಧ ಕಂತನ್ನು ಎಲ್ಲ ಪಾತ್ರಗಳ ದನಿಯಲ್ಲಿ ಒಬ್ಬನೇ ಆಡಿ ತೋರಿಸಿದ. ನನಗೆ ಊರಿನ ತಾಳಮದ್ದಳೆಯೇ ಕಣ್ಣಿಗೆ ಕಟ್ಟಿತು.

ಭಾಷೆಯ ವಿಷಯ ಹೇಳಬೇಕು. ಪುಸ್ತಕದ ಇಂಗ್ಲಿಷು, ರೇಡಿಯೊ ವಾರ್ತೆಯ ಇಂಗ್ಲಿಷು ನನಗೆ ಬರುತ್ತಿತ್ತು. ಆ ಮನೆಯ ಇಂಗ್ಲಿಷು ಬೇರೆಯೇ. ಲಿಸ್ಟರನ ಪಾತ್ರ ಮಾಡಿದ ಕ್ರೇಗ್ ಚಾರ್ಲ್ಸ್ ಲಿವರ್‌ಪೂಲಿನವರು, ಕವಿ. ಅವರ ಬಾಯಲ್ಲಿ ಮಾತು ಉರುಳಿ ಏರಿ ಇಳಿಯುವ ರೀತಿಯನ್ನು ಟೇಪಿನಲ್ಲಿ ಹಿಂದೆ ಮುಂದೆ ಓಡಿಸಿ ಕೇಳಿ ಕೇಳಿಯೇ ನಾನು ಲಿವರ್‌ಪೂಲಿನವಳ ಮಾತು ಹಿಡಿಯಲು ಕಲಿತದ್ದು. ಮನುಷ್ಯಕುಲದ ಕೊನೆಯವನು ನಮ್ಮೂರಿನವನಂತೆ ಮಾತಾಡುತ್ತಾನೆ ಎನ್ನುವಾಗ ಅವಳ ಮುಖ ಅರಳುತ್ತಿತ್ತು. ನಮ್ಮ ಕಡೆಯ ಕನ್ನಡವನ್ನು ಸಿನಿಮಾದಲ್ಲಿ ಮೊದಲ ಸಲ ಕೇಳಿದಾಗ ನಮಗೂ ಹಾಗೇ ಆಗಿತ್ತಲ್ಲ.

ಈಗ ಅವರ ವಾದದ ಮೂಲಕ್ಕೆ ಬರುತ್ತೇನೆ. ಆರನೆಯ ಸರಣಿಯ ಕೊನೆಯ ಕಂತು ‘ಔಟ್ ಆಫ್ ಟೈಮ್’ ಪ್ರಸಾರವಾದದ್ದು 1993ರ ನವೆಂಬರ್ 11ರಂದು. ಹದಿನೈದು ವರ್ಷ ಮುಂದಿನಿಂದ ಇದೇ ನಾಲ್ವರು ತಮ್ಮನ್ನೇ ಭೇಟಿಯಾಗಲು ಬರುತ್ತಾರೆ. ಕಾಲದಲ್ಲಿ ಓಡಾಡುವ ಯಂತ್ರ ಕೈಗೆ ಸಿಕ್ಕಿ, ಇತಿಹಾಸದ ಕ್ರೂರಿಗಳ ಪಂಕ್ತಿಯಲ್ಲಿ ಉಂಡು ಕೊಬ್ಬಿದವರು ಅವರು. ಅವರಿಗೆ ಈಗಿನವರ ಯಂತ್ರದ ಮಾಹಿತಿ ಬೇಕು. ಇಂಥವರಾಗುವುದಕ್ಕಿಂತ ಸಾಯುವುದು ಲೇಸೆಂದು ಈಗಿನವರು ನಿಶ್ಚಯಿಸುತ್ತಾರೆ. ಕಾಳಗದಲ್ಲಿ ಲಿಸ್ಟರ್, ಬೆಕ್ಕು, ಕ್ರೈಟನ್ ಒಬ್ಬೊಬ್ಬರಾಗಿ ಬೀಳುತ್ತಾರೆ. ಉಳಿದವನು ರಿಮ್ಮರ್, ಆರು ಸರಣಿಯುದ್ದಕ್ಕೂ ಅಪಾಯ ಕಂಡಾಗಲೆಲ್ಲ ಮೊದಲು ಓಡಿದವನು. ಅವನು ಈಗಲೂ ಓಡುತ್ತಾನೆ, ಆದರೆ ಯಂತ್ರದ ಕಡೆಗೆ. ಕೈಯಲ್ಲಿ ಆಯುಧ. ಗುರಿಯಿಟ್ಟು ಹೊಡೆಯುತ್ತಾನೆ. ನೌಕೆ ಸಿಡಿಯುತ್ತದೆ. ‘ಮುಂದುವರಿಯುವುದು’ ಎಂಬ ಅಕ್ಷರ ಬಂದು ಪರದೆ ಕಪ್ಪಾಗುತ್ತದೆ.

ವೇಲ್ಸಿನವನ ವಾದ ಸರಳ. ಈಗಿನವರು ಸತ್ತರೆ ಮುಂದಿನವರು ಹುಟ್ಟುವುದೇ ಇಲ್ಲ. ಮುಂದಿನವರಿಲ್ಲದಿದ್ದರೆ ಇವರನ್ನು ಕೊಂದವರಾರು? ಆದ್ದರಿಂದ ಸತ್ತಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಹಿಂಬದಿಗೆ ಬಾಣಗಳನ್ನು ಎಳೆದು ತೋರಿಸುತ್ತಿದ್ದ. ಐದನೆಯ ಸರಣಿಯ ಕೊನೆಗೆ ಮಾಡಿದಂತೆ, ಎಲ್ಲ ಭ್ರಮೆಯಾಗಿತ್ತು ಎಂದು ಎಬ್ಬಿಸುತ್ತಾರೆ ಎನ್ನುವುದು ಸ್ಟಾಕ್‌ಪೋರ್ಟಿನವನ ನಂಬಿಕೆ. ಲಿವರ್‌ಪೂಲಿನವಳ ಚಿಂತೆ ಕಳೆದುಹೋದ ಹಡಗಿನದು: ಆರನೆಯ ಸರಣಿಯ ಆರಂಭದಲ್ಲೇ ರೆಡ್ ಡ್ವಾರ್ಫ್ ಕಾಣೆಯಾಗಿ ಇವರು ಚಿಕ್ಕ ನೌಕೆಯೊಂದರಲ್ಲಿ ಅಲೆಯುತ್ತಿದ್ದರು. ಮನೆ ಸಿಗದೆ ಬದುಕಿ ಏನು ಪ್ರಯೋಜನ ಎನ್ನುತ್ತಿದ್ದಳು.

ನಾನು ತಿಂಗಳುಗಟ್ಟಲೆ ಬಾಯಿ ಬಿಡದೆ ಕೇಳಿದೆ. ನನ್ನೊಳಗೆ ಎದ್ದ ಪ್ರಶ್ನೆ ಇವು ಮೂರೂ ಅಲ್ಲ. ಒಂದು ರಾತ್ರಿ, ನಾಣ್ಯ ಹುಡುಕುತ್ತಿದ್ದ ಕತ್ತಲಲ್ಲಿ, ಹೇಗೆ ಬದುಕುತ್ತಾರೆ ಎನ್ನುವುದು ಇರಲಿ, ರಿಮ್ಮರ್ ಓಡಿದ್ದು ಏನಾಗಬೇಕು ಎಂದು ಕೇಳಿಯೇಬಿಟ್ಟೆ. ಮೂವತ್ತಾರು ಕಂತು ಹೇಡಿಯಾಗಿದ್ದವನು ಒಮ್ಮೆ ಸಾವಿನ ಕಡೆಗೆ ಓಡಿದ್ದಾನೆ. ಕಾಲ ಹಿಂದೆ ಸರಿದು ಎಲ್ಲರೂ ಬದುಕಿದರೆ ಆ ಓಟ ನಡೆದೇ ಇಲ್ಲ ಎಂದಾಗುತ್ತದೆ. ಅದು ಅವನಿಗೆ ಮಾಡುವ ಅನ್ಯಾಯವಲ್ಲವೆ? ಯಾರೂ ಮಾತಾಡಲಿಲ್ಲ. ದೀಪ ಬಂದಾಗ ವೇಲ್ಸಿನವನು ತನ್ನ ಬಾಣಗಳ ಪಕ್ಕದಲ್ಲಿ ರಿಮ್ಮರನ ಹೆಸರು ಬರೆದು ಸುತ್ತ ಒಂದು ವೃತ್ತ ಎಳೆದ. ಆ ಮನೆಯಲ್ಲಿ ನಾನು ಬರೀ ಬಾಡಿಗೆದಾರನಾಗಿದ್ದದ್ದು ಆ ರಾತ್ರಿಯವರೆಗೆ.

ನನಗೆ ಹೀಗೆ ಕೇಳಲು ಕಲಿಸಿದವರು ನನ್ನ ಸೋದರಮಾವ. ಪುತ್ತೂರಿನ ಸುತ್ತ ಎಲ್ಲಿ ತಾಳಮದ್ದಳೆ ಇದ್ದರೂ ಟಾರ್ಚು ಹಿಡಿದು ಹೊರಡುವವರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದೆ ಎಂದು ಗೊತ್ತಾದರೆ ವಾರದ ಮೊದಲೇ ನಮ್ಮ ಜಗಲಿಯಲ್ಲಿ ಚರ್ಚೆ ಶುರು. ವಾಲಿ ಸಾಯುವುದು ಮಗುವಿಗೂ ಗೊತ್ತು. ಆದರೆ ಸಾಯುವ ಮೊದಲು ರಾಮನನ್ನು ಈ ಸಲ ಯಾವ ದಿಕ್ಕಿನಿಂದ ಪ್ರಶ್ನಿಸುತ್ತಾರೆ? ರಾಮನ ಅರ್ಥ ಹೇಳುವವರು ಏನೆಂದು ತಡೆಯುತ್ತಾರೆ? “ಕಥೆ ಎಲ್ಲರಿಗೂ ಗೊತ್ತುಂಟು ಮಾರಾಯ, ಅರ್ಥ ಯಾರಿಗೆ ಗೊತ್ತುಂಟು?” ಎಂದು ಮಾವ ಎಲೆ ಮಡಿಸುತ್ತ ಹೇಳುತ್ತಿದ್ದರು. ಪಾತ್ರಕ್ಕೆ ನ್ಯಾಯ ಸಿಕ್ಕಿತೋ ಇಲ್ಲವೋ ಎಂಬುದೊಂದೇ ಅವರ ಅಳತೆಗೋಲು.

ರಿಮ್ಮರನ ಕಥೆಯನ್ನು ನಾನು ಮಾವನಿಗೆ ಬರೆದೆ. ನೀಲಿ ಏರೋಗ್ರಾಮಿನಲ್ಲಿ ಉತ್ತರ ಬಂತು. ಅಡಿಕೆಗೆ ಬಂದ ಕೊಳೆರೋಗ, ಅತ್ತೆಯ ಮಂಡಿನೋವು ಎಲ್ಲ ಮುಗಿದು ಕೊನೆಯ ಮಡಿಕೆಯಲ್ಲಿ ಹೀಗಿತ್ತು: “ನಿನ್ನ ಆ ಜನ ನಮ್ಮ ಉತ್ತರಕುಮಾರನೇ. ಒಲೆಯ ಮುಂದೆ ಪೌರುಷ, ಕೌರವರ ಸೇನೆ ಕಂಡಾಗ ಓಟ. ಎಲ್ಲರೂ ಅಲ್ಲಿಗೇ ನಗಾಡಿ ಬಿಡುತ್ತಾರೆ. ಆದರೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನಿಗೆ ಎದುರು ನಿಂತು ಸತ್ತವನು ಯಾರು? ಅದೇ ಉತ್ತರ. ಆ ದಿನ ಅವನು ಓಡಲಿಲ್ಲ. ನಿನ್ನ ನಾಟಕದವರು ಅದನ್ನು ಮರೆಯದಿದ್ದರೆ ಸಾಕು.” ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಡುಗೆಮನೆಯಲ್ಲಿ ಓದಿದೆ. ಬೃಹನ್ನಳೆ ಯಾರು, ಉತ್ತರ ರಥದಿಂದ ಹಾರಿ ಓಡಿದ್ದು ಹೇಗೆ, ಎಲ್ಲ ವಿವರಿಸಬೇಕಾಯಿತು. ಲಿವರ್‌ಪೂಲಿನವಳು ಆ ಪತ್ರವನ್ನು ಕೇಳಿ ಪಡೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆಮೇಲೆ ಆ ಮನೆಯಲ್ಲಿ ರಿಮ್ಮರನಿಗೆ ಪ್ರಿನ್ಸ್ ಉತ್ತರ ಎಂದೇ ಹೆಸರು.

ಕಾಯುತ್ತ 1995 ಕಳೆಯಿತು. ಬಂದ ಸುದ್ದಿ ಒಳ್ಳೆಯದಲ್ಲ. ರೆಡ್ ಡ್ವಾರ್ಫ್ ಹುಟ್ಟಿಸಿದ್ದು ರಾಬ್ ಗ್ರಾಂಟ್ ಮತ್ತು ಡಗ್ ನೇಯ್ಲರ್ ಎಂಬ ಜೋಡಿ. ಕಾದಂಬರಿಗಳಿಗೆ ಗ್ರಾಂಟ್ ನೇಯ್ಲರ್ ಎಂದು ಒಂದೇ ಹೆಸರು ಹಾಕುತ್ತಿದ್ದವರು. ಈಗ ಆ ಕಾದಂಬರಿಗಳ ಮುಂದಿನ ಭಾಗವೆಂದು 1995ರಲ್ಲಿ ನೇಯ್ಲರ್ ಒಬ್ಬರೇ ಬರೆದ ‘ಲಾಸ್ಟ್ ಹ್ಯೂಮನ್’ ಬಂತು. 1996ರಲ್ಲಿ ಅದೇ ಕಥೆಯ ಮುಂದಿನ ಭಾಗವೆಂದು ಗ್ರಾಂಟ್ ಒಬ್ಬರೇ ಬರೆದ ‘ಬ್ಯಾಕ್‌ವರ್ಡ್ಸ್’ ಬಂತು. ಒಂದಕ್ಕೊಂದು ಸಂಬಂಧವಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಯಾವ ತಮಾಷೆ ಯಾರದ್ದಾಗಿತ್ತು ಎಂದು ಹುಡುಕಿದೆವು. ಮನೆ ಪಾಲಾದಾಗ ಪಾತ್ರೆಗಳನ್ನು ಎಣಿಸಿದ ಹಾಗಿತ್ತು. ಏಳನೆಯ ಸರಣಿಯನ್ನು ನೇಯ್ಲರ್ ಬೇರೆ ಬರಹಗಾರರನ್ನು ಸೇರಿಸಿಕೊಂಡು ಮಾಡುತ್ತಾರೆ, ರಿಮ್ಮರನ ಪಾತ್ರದ ಕ್ರಿಸ್ ಬ್ಯಾರಿ ಎಲ್ಲ ಕಂತುಗಳಲ್ಲೂ ಇರುವುದಿಲ್ಲ ಎಂದು ತಿಳಿದಾಗ ವಾದ ಮಾಡಲು ಯಾರಿಗೂ ಮನಸ್ಸಾಗಲಿಲ್ಲ.

1996ರ ಜೂನ್ 15, ಶನಿವಾರ. ಬೆಳಿಗ್ಗೆ ಹನ್ನೊಂದು ದಾಟಿ ಕಾಲು ಗಂಟೆ. ಬಟ್ಟೆ ಒಣಗಹಾಕುತ್ತಿದ್ದಾಗ ಕಿಟಕಿಗಳೆಲ್ಲ ಒಮ್ಮೆಲೇ ನಡುಗಿದವು. ಐಆರ್‌ಎ ನಗರದ ನಡುವೆ ಲಾರಿಯಲ್ಲಿ ಇಟ್ಟಿದ್ದ ಬಾಂಬು, ಸುಮಾರು 1,500 ಕಿಲೋ. ಮುನ್ಸೂಚನೆ ಬಂದಿದ್ದರಿಂದ ಪೊಲೀಸರು ಸಾವಿರಾರು ಜನರನ್ನು ದೂರ ಸರಿಸಿದ್ದರು. ಯಾರೂ ಸಾಯಲಿಲ್ಲ, ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಲಿವರ್‌ಪೂಲಿನವಳು ಆ ದಿನ ಆಸ್ಪತ್ರೆಯಲ್ಲಿದ್ದಳು. ರಾತ್ರಿ ಹತ್ತರ ಮೇಲೆ ಬಂದು, ಕೋಟು ತೆಗೆಯದೆ ಸೋಫಾದಲ್ಲಿ ಕೂತು, ಗಾಜು, ಎಲ್ಲ ಗಾಜು ಎಂದಷ್ಟೇ ಹೇಳಿದಳು. ನಾನು ಅನ್ನ ಸಾರು ಬಡಿಸಿ ಕೊಟ್ಟೆ. ಅರ್ಧ ಉಂಡವಳು ‘ಮರೂನ್ಡ್’ ಹಾಕು ಎಂದಳು.

ಮೂರನೆಯ ಸರಣಿಯ ಕಂತು ಅದು. ಹಿಮದಲ್ಲಿ ಸಿಕ್ಕಿಬಿದ್ದ ನೌಕೆಯಲ್ಲಿ ಲಿಸ್ಟರ್ ಮತ್ತು ರಿಮ್ಮರ್ ಇಬ್ಬರೇ. ಚಳಿಗೆ ಪುಸ್ತಕ, ನೋಟು, ಸಿಕ್ಕಿದ್ದನ್ನೆಲ್ಲ ಉರಿಸುತ್ತಾರೆ. ಕೊನೆಗೆ ಉಳಿದದ್ದು ಲಿಸ್ಟರನ ಪ್ರಾಣವಾದ ಗಿಟಾರ್ ಮತ್ತು ರಿಮ್ಮರನ ತಂದೆಯ ಕರ್ಪೂರದ ಮರದ ಪೆಟ್ಟಿಗೆ. ಲಿಸ್ಟರ್ ಗುಟ್ಟಾಗಿ ಪೆಟ್ಟಿಗೆಯ ಹಲಗೆಯನ್ನು ಗಿಟಾರಿನ ಆಕಾರಕ್ಕೆ ಕೊಯ್ದು ಬೆಂಕಿಗೆ ಹಾಕುತ್ತಾನೆ. ಗಿಟಾರನ್ನೇ ಸುಟ್ಟನೆಂದು ನಂಬಿದ ರಿಮ್ಮರನ ಕಣ್ಣು ತುಂಬುತ್ತದೆ; ಸ್ನೇಹಕ್ಕೆ ಪ್ರತಿಯಾಗಿ ತನ್ನ ಪ್ರೀತಿಯ ಆಟದ ಸೈನಿಕರನ್ನು ಬೆಂಕಿಗೆ ಕೊಡಲು ಮುಂದಾಗುತ್ತಾನೆ. ಒಂದೇ ಕೋಣೆ, ಒಬ್ಬರನ್ನೊಬ್ಬರು ಸಹಿಸದ ಇಬ್ಬರು, ಸುಳ್ಳಿನ ಮೇಲೆ ನಿಂತ ನಿಜವಾದ ಕರುಣೆ. ಗಾಜು ಒಡೆದು ಬಿದ್ದಿದ್ದ ಅದೇ ಊರಿನಲ್ಲಿ ತಯಾರಾದ ಕಥೆ. ಆ ರಾತ್ರಿ ಅವಳು ನಕ್ಕಳು, ಆಮೇಲೆ ಅತ್ತಳು. ಹಾಸ್ಯಕ್ಕೆ ಇಷ್ಟು ಮಾಡುವ ಶಕ್ತಿ ಇದೆ ಎಂದು ಅಲ್ಲಿಯವರೆಗೆ ನಾನು ತಿಳಿದಿರಲಿಲ್ಲ.

1997ರ ಜನವರಿ 17, ಶುಕ್ರವಾರ, ರಾತ್ರಿ ಒಂಬತ್ತು, ಬಿಬಿಸಿ ಎರಡು. ಔಟ್ ಆಫ್ ಟೈಮ್ ಮುಗಿದು ಮೂರು ವರ್ಷ ಎರಡು ತಿಂಗಳು ಆರು ದಿನ. ಮೀಟರಿನ ಪಕ್ಕ ಎಂಟು ನಾಣ್ಯಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೆವು. ಕಂತಿನ ಹೆಸರು ‘ಟಿಕ್ಕಾ ಟು ರೈಡ್’. ಲಿಸ್ಟರ್ ಕ್ಯಾಮೆರಾದ ಮುಂದೆ ಕೂತು ತಾವು ಹೇಗೆ ಬದುಕಿದೆವೆಂದು ವಿವರಿಸುತ್ತಾನೆ. ವೇಲ್ಸಿನವನು ಕ್ಯಾಲೆಂಡರಿನ ಹಿಂದೆ ಬರೆದಿದ್ದದ್ದೇ ಆ ವಿವರಣೆ! ವಿರೋಧಾಭಾಸ ತಾಳಲಾರದೆ ಕ್ಯಾಮೆರಾವೇ ಸಿಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಮೂರು ವರ್ಷದ ವಾದ ಮುಗಿಯಿತು. ಗೆದ್ದವನು ಕೈ ಎತ್ತಲಿಲ್ಲ. ಇಷ್ಟೇನಾ ಎಂದು ನಮ್ಮ ಕಡೆ ತಿರುಗಿದ. ಕಥೆ ಆಗಲೇ ಮುಂದಕ್ಕೆ ಓಡಿತ್ತು: ದಾಸ್ತಾನಿದ್ದ ಕರಿ ಎಲ್ಲ ನಾಶವಾಗಿ, ಅದನ್ನು ತರಲು ಲಿಸ್ಟರ್ ಕಾಲದಲ್ಲಿ ಹಿಂದೆ ಹೋಗಿ, 1963ರ ಡಲ್ಲಾಸ್‌ನಲ್ಲಿ ಇಳಿದು, ಕೆನಡಿಯ ಹತ್ಯೆಯನ್ನೇ ತಪ್ಪಿಸಿ ಇತಿಹಾಸ ಕೆಡಿಸುತ್ತಾನೆ. ಕಲ್ಪನೆ ದೊಡ್ಡದು. ನಗೆ ಮಾತ್ರ ಬೇರೆ ಥರ ಕೇಳುತ್ತಿದೆ ಎಂದ ಸ್ಟಾಕ್‌ಪೋರ್ಟಿನವನು. ಅವನ ಕಿವಿ ಸರಿಯಿತ್ತು. ಹಿಂದಿನಂತೆ ಪ್ರೇಕ್ಷಕರ ಎದುರು ಆಡದೆ, ಸಿನಿಮಾದಂತೆ ಚಿತ್ರಿಸಿ, ಸಿದ್ಧವಾದುದನ್ನು ಆಮೇಲೆ ಜನರಿಗೆ ತೋರಿಸಿ ನಗೆಯನ್ನು ಹಿಡಿದದ್ದು. ರಿಮ್ಮರನ ಓಟಕ್ಕೆ ಅಲ್ಲಿ ಬೆಲೆ ಬರಲಿಲ್ಲ. ಫ್ರಿಜ್ಜಿನ ಮೇಲಿದ್ದ ಪತ್ರವನ್ನು ನೋಡಲು ನನಗೆ ಸಂಕಟವಾಯಿತು.

ಮುಂದಿನ ಶುಕ್ರವಾರದ ಕಂತು ‘ಸ್ಟೋಕ್ ಮಿ ಎ ಕ್ಲಿಪರ್’. ಇನ್ನೊಂದು ವಿಶ್ವದ ರಿಮ್ಮರ್, ಧೀರನೆಂದು ಹೆಸರಾದ ಏಸ್, ಮಾರಣಾಂತಿಕ ಗಾಯದೊಂದಿಗೆ ಬಂದು ತನ್ನ ಜಾಗ ತುಂಬೆಂದು ನಮ್ಮ ರಿಮ್ಮರನನ್ನು ಕೇಳುತ್ತಾನೆ. ನನ್ನಿಂದಾಗದು ಎನ್ನುತ್ತಾನೆ ಇವನು. ಆಗ ಅವನಿಗೆ ತೋರಿಸುತ್ತಾರೆ: ಒಂದು ಗ್ರಹದ ಸುತ್ತ ಹರಡಿದ ಉಂಗುರ. ಹತ್ತಿರ ಹೋದರೆ ಅದು ಕಲ್ಲು ದೂಳಿನ ಉಂಗುರವಲ್ಲ, ಶವಪೆಟ್ಟಿಗೆಗಳದು. ಒಬ್ಬನಾದ ಮೇಲೆ ಒಬ್ಬನಾಗಿ ಏಸ್ ಆದ ರಿಮ್ಮರರೆಲ್ಲ ಅಲ್ಲಿ ತೇಲುತ್ತಿದ್ದಾರೆ, ಎಣಿಕೆಗೆ ಸಿಗದಷ್ಟು. ಪ್ರತಿಯೊಬ್ಬನೂ ಮೊದಲು ನನ್ನಿಂದಾಗದು ಎಂದವನೇ. ರಿಮ್ಮರ್ ಹೊರಡುತ್ತಾನೆ. ನೌಕೆ ಹೊಳೆದು ಮರೆಯಾದಾಗ ಲಿವರ್‌ಪೂಲಿನವಳು ನನ್ನ ಭುಜಕ್ಕೆ ಗುದ್ದಿ, ಬರಿ, ನಿನ್ನ ಅಂಕಲ್‌ಗೆ ಬರಿ ಎಂದಳು. ಅಂದೇ ರಾತ್ರಿ ಬರೆದೆ.

ಏಳನೆಯ ಸರಣಿಯನ್ನು ಆಗಲೂ ಈಗಲೂ ಬಹಳ ಅಭಿಮಾನಿಗಳು ಬೈಯುತ್ತಾರೆ. ಎಂಟರಲ್ಲಿ ನಾಲ್ಕೇ ಕಂತುಗಳಲ್ಲಿ ರಿಮ್ಮರ್ ಇದ್ದ. ಅವನಿಲ್ಲದ ವಾರಗಳಲ್ಲಿ ನಮ್ಮ ಅಡುಗೆಮನೆಯೂ ತಣ್ಣಗಾಗಿತ್ತು, ಒಪ್ಪುತ್ತೇನೆ. ಜಗಳಕ್ಕೆ ಜೊತೆ ಇಲ್ಲದ ಲಿಸ್ಟರ್ ಅರ್ಧ ಲಿಸ್ಟರ್. ಆದರೂ ಆ ಶವಪೆಟ್ಟಿಗೆಗಳ ಉಂಗುರದ ಒಂದು ದೃಶ್ಯಕ್ಕಾಗಿ ನಾನು ಆ ಸರಣಿಯ ಪರವಾಗಿ ನಿಲ್ಲುತ್ತೇನೆ. ಉಳಿದ ಸಾಲ 2012ರಲ್ಲಿ ತೀರಿತು. ಹತ್ತನೆಯ ಸರಣಿಯ ಕೊನೆಯ ಕಂತಿನಲ್ಲಿ, ಯಾರನ್ನು ಮೆಚ್ಚಿಸಲು ತಾನು ಜೀವಮಾನವೆಲ್ಲ ಹೆಣಗಿದನೋ ಆ ಮನುಷ್ಯ ತನ್ನ ತಂದೆಯೇ ಅಲ್ಲ, ಮನೆಯ ತೋಟಗಾರ ತಂದೆ ಎಂದು ರಿಮ್ಮರನಿಗೆ ತಿಳಿಯುತ್ತದೆ. ಭಾರ ಇಳಿಯುತ್ತದೆ. ಉಪಾಯ ಹೂಡಿ ಎಲ್ಲರನ್ನೂ ಉಳಿಸುವವನು ಅವನೇ. ನಾನು ಅದನ್ನು ಬೆಂಗಳೂರಿನಲ್ಲಿ ಒಬ್ಬನೇ ಕೂತು ನೋಡಿದೆ. ಮಾವ ಆಗ ಇರಲಿಲ್ಲ. ಲಿವರ್‌ಪೂಲಿನಿಂದ ಬಂದ ಸಂದೇಶದಲ್ಲಿ ಎರಡೇ ಪದ ಇದ್ದವು: ಪ್ರಿನ್ಸ್ ಉತ್ತರ.

ಈಗ ಎಲ್ಲ ಸರಣಿಗಳೂ ಒಟ್ಟಿಗೆ ಸಿಗುತ್ತವೆ. ಒಂದು ಕಂತು ಮುಗಿದ ಕೂಡಲೆ ಮುಂದಿನದು ತಾನೇ ಶುರುವಾಗುತ್ತದೆ. ನೀವು ರೆಡ್ ಡ್ವಾರ್ಫ್ ನೋಡಲು ಹೊರಟರೆ ನನ್ನದೊಂದು ಕೇಳಿಕೆ. ಔಟ್ ಆಫ್ ಟೈಮ್ ಮುಗಿದು ಪರದೆ ಕಪ್ಪಾದಾಗ ಟಿವಿ ಆರಿಸಿ. ಮೂರು ವರ್ಷ ಬೇಡ, ಮೂರು ದಿನವಾದರೂ ಏಳನೆಯ ಸರಣಿಯನ್ನು ಮುಟ್ಟಬೇಡಿ. ಮನೆಯಲ್ಲಿ ಯಾರಿದ್ದಾರೋ ಅವರೊಂದಿಗೆ ಊಟಕ್ಕೆ ಕೂತಾಗ ಕೇಳಿ: ರಿಮ್ಮರ್ ಓಡಿದನಲ್ಲ, ಅದು ಏನಾಗಬೇಕು?